ಮ್ಯಾನೇಜರರ ಚಿತ್ರಕ್ಕೆ ತನಿ ಎರೆದದ್ದು

ಮೈಸೂರಿನ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ಜವರಪ್ಪನಿಗೆ ರಾಯಚೂರಿಗೆ ವರ್ಗವಾಗಿತ್ತು. ಕಂಪನಿ ಅಲ್ಲಿ ಹೊಸ ಆಫೀಸು ತೆರೆಯುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ತನ್ನ ಮನೆಯಿದ್ದ ಒಂಟಿಕೊಪ್ಪಲಿನಲ್ಲೇ ಬೆವರಿ ಬಸವಳಿಯುವ ಮನುಷ್ಯ. ರಾಯಚೂರು ಎಂದರೆ ಸಾಕು, ಕಾದ ಬಾಣಲೆ ಕಣ್ಣ ಮುಂದೆ ಬರುತ್ತಿತ್ತು. ಹೇಗಾದರೂ ತಪ್ಪಿಸಿಕೊಳ್ಳಬೇಕು ಎಂದು ಅರ್ಜಿ ಕೊಟ್ಟಿದ್ದ. ವರ್ಗ ರದ್ದು ಮಾಡುವ ಅಧಿಕಾರ ಇದ್ದದ್ದು ಮ್ಯಾನೇಜರ್ ಏಕಾಂತಯ್ಯನವರಿಗೆ. ಏಕಾಂತಯ್ಯನವರಿಗೋ ಚಿತ್ರಕಲೆಯ ಹುಚ್ಚು.

"ಲಷ್ಕರ್ ಮೊಹಲ್ಲಾದಲ್ಲಿ ಒಂದು ಚಿತ್ರ ಕಟ್ಟು ಹಾಕೋಕೆ ಕೊಟ್ಟಿದ್ದೀನಿ. ನಾಳೆ ಬೆಳಿಗ್ಗೆ ಬಿಡಿಸ್ಕೊಂಡು ಸಂಜೆ ನಮ್ಮನೆಗೆ ತನ್ನಿ," ಎಂದಿದ್ದರು ಅವರು. "ವ್ಯಾನ್ ಗೋ ಬರೆದ ನಕ್ಷತ್ರಗಳ ರಾತ್ರಿ. ಅಚ್ಚು ಹಾಕಿದ್ದೇ, ಆದ್ರೂ ಫಾರಿನ್ನಿಂದ ತರ್ಸಿದ್ದು. ಚೆನ್ನಾಗಿ ನೋಡಿ. ನೋಡಿದ್ಮೇಲೆ ಏನನ್ನಿಸ್ತು ಅಂತ ನಂಗೆ ಹೇಳ್ಬೇಕು. ನಿಮ್ಮ ಅರ್ಜಿ ವಿಷಯ ಆಮೇಲೆ."

ಮರುದಿನ ನಾಗರ ಪಂಚಮಿ. ರಜೆ ಹಾಕಿದ್ದ ಜವರಪ್ಪ ಚಿತ್ರವನ್ನು ಮನೆಗೆ ತಂದು, ನಡುಮನೆಯ ಗೋಡೆಗೆ ಒರಗಿಸಿ, ಎದುರಿಗೆ ಚಾಪೆ ಹಾಸಿಕೊಂಡು ಕೂತ. ಆಕಾಶವೆಲ್ಲ ಸುರುಳಿ ಸುರುಳಿ. ಅದರಲ್ಲಿ ದೋಸೆಯಗಲದ ಚುಕ್ಕಿಗಳು. ಕೆಳಗೆ ಪುಟ್ಟ ಊರು, ಪಕ್ಕದಲ್ಲಿ ಕಪ್ಪಗೆ ಎತ್ತರಕ್ಕೆ ಎದ್ದ ಒಂದು ಮರ. ಎಷ್ಟು ಹೊತ್ತು ನೋಡಿದರೂ ಅವನಿಗೆ ಹಸಿವೆಯ ಹೊರತು ಏನೂ ಅನ್ನಿಸಲಿಲ್ಲ.

ಪಕ್ಕದ ಮನೆಯ ಸಣ್ಣಮಾದಯ್ಯ, ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು, ಯಾರೂ ಕರೆಯದೆಯೇ ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತರು.

"ಇದು ಬಂಗಾಳಕೊಲ್ಲಿ ವಾಯುಭಾರ ಕುಸಿತ ಕಣ್ರೀ. ಟೀವೀಲಿ ತೋರಿಸಲ್ವೇ? ಹಿಂಗೇ ಸುತ್ಕೊಂಡ್ ಬರುತ್ತೆ."

"ಅಂಗಂದ್ರೆ ನಮ್ಮ ಮ್ಯಾನೇಜ್ರು ನಾಳೇನೇ ಗಂಟುಮೂಟೆ ಕಟ್ಟಿಸ್ತಾರೆ, ಸುಮ್ನಿರಿ ಮೇಷ್ಟ್ರೇ!" ಎಂದು ಜವರಪ್ಪ ಎದ್ದು ಬಚ್ಚಲಿಗೆ ಹೋದ. ಸ್ನಾನ ಮಾಡುವಾಗಲಾದರೂ ಏನಾದರೂ ಹೊಳೆದೀತು ಎಂಬ ಆಸೆ.

ಅತ್ತ ಬೀದಿಯಲ್ಲಿ ಬೇರೆಯೇ ಪೇಚಾಟ. ಪ್ರತಿವರ್ಷ ಹೆಂಗಸರು ತನಿ ಎರೆಯುತ್ತಿದ್ದ ಹುತ್ತ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿತ್ತು. ಸೈಟಿನ ಯಜಮಾನ ಪಾಯ ತೆಗೆಸಲು ಅದನ್ನು ನೆಲಸಮ ಮಾಡಿಬಿಟ್ಟಿದ್ದ. ಉಪವಾಸವಿದ್ದ ಹೆಂಗಸರು ಹಾಲಿನ ಚೊಂಬು ಹಿಡಿದು ಎಲ್ಲಿಗೆ ಹೋಗುವುದು ಎಂದು ನಿಂತಿದ್ದರು. ಜವರಪ್ಪನ ತಾಯಿ ದೇವಿರಮ್ಮ ಬಾಳೆಹಣ್ಣು ತರಲು ಒಳಗೆ ಬಂದವರು ಚಿತ್ರವನ್ನು ಕಂಡು ಅಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡರು.

ಜವರಪ್ಪ ತಲೆ ಒರೆಸಿಕೊಳ್ಳುತ್ತ ಬಂದಾಗ ನಡುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ತುಂಬಿ ಕಾಲಿಡಲು ಜಾಗವಿರಲಿಲ್ಲ. ಚಂದ್ರನಿಗೆ ಅರಿಸಿನ ಬಳಿದಿತ್ತು. ಒಂದೂ ಬಿಡದಂತೆ ಚುಕ್ಕಿಗಳಿಗೆಲ್ಲ ಕುಂಕುಮ. ದೇವಿರಮ್ಮ ಕಣ್ಣು ಮುಚ್ಚಿ, "ಎಲ್ರನ್ನೂ ತಣ್ಣಗಿಡಪ್ಪಾ ನಾಗಪ್ಪಾ," ಎನ್ನುತ್ತ ಕಪ್ಪು ಮರದ ನೆತ್ತಿಗೆ ಚೊಂಬು ಬಗ್ಗಿಸಿದ್ದರು.

"ಅವ್ವಾ! ಏನ್ ಮಾಡ್ಬುಟ್ಟೆ!"

"ಯಾಕ್ಲಾ ಅಂಗ್ ಕಿರುಚ್ತೀಯ? ಕಣ್ ಕಾಣಾಕಿಲ್ವಾ? ಇಲ್ನೋಡು ಉತ್ತ. ಮ್ಯಾಲ್ ನೋಡು, ಸುತ್ಕಂಡಿರೋ ಜೋಡಿ ನಾಗ್ರು. ಊರ್ನೋರೆಲ್ಲ ಮನೀಕಂಡವ್ರೆ, ಅವು ಕಾಯ್ತಾ ಅವೆ."

"ಅದು ಮರ ಕಣವ್ವಾ!"

"ಮರ ಆದ್ರೆ ಒಂದ್ ಎಲೆ ತೋರ್ಸು ನೋಡ್ವ."

ಜವರಪ್ಪ ಹುಡುಕಿದ. ಎಲೆ ಕಾಣಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಸರ್ವಮಂಗಳಾ, "ನಂದೊಬ್ಬಳ್ದು ಉಳೀತು ಕಣ್ರೀ," ಎಂದು ತನ್ನ ಚೊಂಬನ್ನೂ ಖಾಲಿ ಮಾಡಿದಳು.

ಹಾಲು ಕಟ್ಟಿನ ಸಂದಿಯಿಂದ ಇಳಿದು ಗಾಜಿನೊಳಗೆ ಸೇರಿತ್ತು. ಹೆಂಗಸರು ನೆಮ್ಮದಿಯಾಗಿ ಮನೆಗೆ ಹೋದ ಮೇಲೆ ಸಣ್ಣಮಾದಯ್ಯ ಹಿಂಬದಿಯ ಮೊಳೆ ಕಿತ್ತು ಚಿತ್ರವನ್ನು ಹೊರಗೆಳೆದರು. "ಏನೂ ಆಗಿಲ್ಲ, ಇಸ್ತ್ರಿ ಹಾಕಿದ್ರೆ ಒಣಗುತ್ತೆ," ಎಂದು ತಾವೇ ಪೆಟ್ಟಿಗೆ ಕಾಯಿಸಿದರು. ಚಂದ್ರ ಅರ್ಧ ಸೀದುಹೋದ. ಮನೆಯೆಲ್ಲ ತಳ ಹಿಡಿದ ಹಾಲಿನ ವಾಸನೆ.

"ಬಣ್ಣ ಹೋದ ಕಡೆ ಬಟ್ಟೆಗೆ ಹಾಕೋ ನೀಲಿ ಹಚ್ಚೋಣ. ಗ್ರೌಂಡಲ್ಲಿ ಸುಣ್ಣದ ಗೆರೆ ಎಳ್ದಿರೋ ಕೈ ಕಣ್ರೀ ಇದು!" ಎಂದ ಮೇಷ್ಟ್ರು ಜವರಪ್ಪ ತಡೆಯುವಷ್ಟರಲ್ಲಿ ಆಕಾಶದ ಸುರುಳಿಗಳ ಮಧ್ಯೆ ಓಟದ ಪಂದ್ಯಕ್ಕೆ ಎಳೆಯುವಂಥ ನೇರ ಗೆರೆಯೊಂದನ್ನು ಎಳೆದುಬಿಟ್ಟರು.

ಸಂಜೆ ಏಕಾಂತಯ್ಯನವರ ಮನೆಯಲ್ಲಿ ಜವರಪ್ಪ, ಮತ್ತೆ ಕಟ್ಟಿನೊಳಗೆ ಸೇರಿಸಿದ್ದ ಚಿತ್ರಕ್ಕೆ ಸುತ್ತಿದ್ದ ಪೇಪರು ಬಿಚ್ಚಿದ. ಮ್ಯಾನೇಜರು ಬಗ್ಗಿ ನೋಡಿದರು. ಮೂಸಿದರು. ಅಷ್ಟಕ್ಕೇ ಅವನ ಧೈರ್ಯವೆಲ್ಲ ಉಡುಗಿತು. ಹುತ್ತ, ಹಾಲು, ಇಸ್ತ್ರಿ, ನೀಲಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, "ತಪ್ಪಾಯ್ತು ಸಾರ್. ಅವ್ವಂಗೆ ಗೊತ್ತಾಗ್ಲಿಲ್ಲ," ಎಂದ.

"ನಿಮ್ಮ ತಾಯಿ ಏನಂದ್ರು? ಇನ್ನೊಂದ್ಸಲ ಹೇಳಿ."

"ಊರ್ನೋರೆಲ್ಲ ಮಲಗವ್ರೆ, ನಾಗ್ರು ಕಾಯ್ತಾ ಅವೆ ಅಂದ್ಲು ಸಾರ್."

ಏಕಾಂತಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದನ್ನ ಎಷ್ಟು ಜನಕ್ಕೆ ತೋರಿಸಿದೀನಿ ಗೊತ್ತಾ? ಎಲ್ರೂ 'ಚೆನ್ನಾಗಿದೆ ಸಾರ್' ಅಂತ ಕಾಫಿ ಕುಡ್ದು ಎದ್ದುಹೋದ್ರು. ಒಬ್ರಾದ್ರೂ ಕೈ ಮುಗೀಲಿಲ್ಲ ಕಣ್ರೀ."

ಜವರಪ್ಪನಿಗೆ ಹೋದ ಜೀವ ಬಂದಂತಾಯಿತು. ಸಂತೋಷ ತಡೆಯಲಾರದೆ ಕೇಳಿಯೇಬಿಟ್ಟ: "ಹಂಗಾರೆ ಸಾರ್, ನನ್ನ ಅರ್ಜಿ..."

"ವರ್ಗ ರದ್ದು ಮಾಡೋಣ ಅಂತಾನೇ ಇದ್ದೆ. ಈಗ ಹೇಗ್ರೀ ಮಾಡ್ಲಿ? ಈ ಚಿತ್ರ ಕಟ್ಟು ಹಾಕ್ಸಿದ್ದೇ ರಾಯಚೂರು ಆಫೀಸಿಗೆ. ಬೇರೆ ಯಾರ ಕೈಗೆ ಕೊಟ್ರೂ ಇದರ ಮೇಲೆ ಕ್ಯಾಲೆಂಡರ್ ನೇತಾಕ್ತಾರೆ. ನೀವೇ ಹೋಗ್ಬೇಕು."

"ಸಾರ್, ಅದು ಕೆಟ್ಟೋಗದೆ ಸಾರ್!"

"ಎಲ್ಲಿ ಕೆಟ್ಟಿದೆ? ಪೂಜೆ ಆಗಿದೆ," ಎನ್ನುತ್ತ ಅವರು ಚಿತ್ರವನ್ನು ಎತ್ತಿ ಜವರಪ್ಪನ ಎದೆಗೆ ಒತ್ತಿದರು. "ತಾಯೀನೂ ಕರ್ಕೊಂಡ್ಹೋಗಿ. ನೈಟ್ ಬಸ್ಸೇ ಹತ್ತಿ, ಕಿಟಕಿ ಪಕ್ಕ ಕೂತ್ಕೊಳ್ಳಿ. ಆ ಕಡೆ ಎಲ್ಲಾ ಬಯಲು. ಮರ ಗಿರ ಏನೂ ಅಡ್ಡ ಬರಲ್ಲ, ಆಕಾಶ ಪೂರ್ತಿ ಕಾಣುತ್ತೆ."