ಹದಿನಾಲ್ಕು ವೋಲ್ಟಿನ ಭಾವ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಮಗಳು ಕೊಟ್ಟ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಇನ್ನು ತಡೆಯಲಾರೆ. ನನ್ನ ಅಕ್ಕನ ಗಂಡನಷ್ಟು ಕಾರಿನ ಹಸಿವಿನ ಚಿಂತೆ ಮಾಡುವ ಮನುಷ್ಯ ಯಳಂದೂರಿನಲ್ಲೇ ಇನ್ನೊಬ್ಬನಿಲ್ಲ!

ಸ್ಟೀರಿಂಗ್ ಪಕ್ಕದಲ್ಲಿ ಬ್ಯಾಟರಿಯ ಜೋರು ಅಳೆಯುವ ಒಂದು ವೋಲ್ಟ್ ಮೀಟರ್ ಅಂಟಿಸಿಕೊಂಡು ರಸ್ತೆಗಿಂತ ಅದನ್ನೇ ಹೆಚ್ಚು ನೋಡುತ್ತಿದ್ದರು. ಮುಳ್ಳು ಹದಿನಾಲ್ಕರಲ್ಲಿದ್ದರೆ ಮುಖಕ್ಕೆ ಕಳೆ. ಹನ್ನೆರಡಕ್ಕಿಳಿದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಂತೆ. ಹೆಡ್‌ಲೈಟ್ ಹಾಕಿದರೆ ಫ್ಯಾನು ಬಂದ್. ಕಿಟಕಿ ಏರಿಸುವುದೂ ಸರದಿಯ ಮೇಲೆ. ಒಮ್ಮೆ ಹನೂರು ಬರುವವರೆಗೆ ಸರದಿ ಸಿಗದೆ ನನ್ನ ಹೆಂಡತಿ ಧೂಳಲ್ಲಿ ಮಿಂದಿದ್ದಳು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಮುಂದೆ ಹಾರ್ನ್ ಹೊಡೆಯದೆ, ತಲೆ ಹೊರಗೆ ಹಾಕಿ "ಸೈಡು, ಸೈಡು" ಎಂದು ಕೂಗುವ ಡ್ರೈವರನ್ನು ನೀವು ಕಂಡಿದ್ದೀರಾ?

"ಇಂಜಿನ್ ಓಡೋದು ಪೆಟ್ರೋಲ್ನಾಗೆ ತಾನೆ ಭಾವ?" ಎಂದು ಕೆಣಕಿದ್ದೆ.

"ಪೆಟ್ರೋಲ್ ಬುಡೋದು ಯಾರ್ಲಾ? ಕರೆಂಟು. ವೋಲ್ಟೇಜ್ ಬಿದ್ರೆ ಪಂಪು ಮಂದ ಆಯ್ತದೆ, ಪೆಟ್ರೋಲ್ ಚಿಮ್ಮೋ ಇಂಜೆಕ್ಟರು ತಡವಾಗಿ ಬಾಯ್ ತಗೀತದೆ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಮಜ್ಜಿಗೆಗೆ ಒಂದ್ ಕೊಡ ನೀರ್ ಉಯ್ದಂಗೆ. ಅದ್ನ ಕುಡ್ಕಂಡು ನೀನು ಗೇಯ್ತೀಯಾ?"

"ಅದುನ್ನ ಸರಿ ಮಾಡಕ್ಕೆ ಕಂಪ್ಯೂಟ್ರು ಮಡಗವ್ರಂತಲ್ಲ?"

"ಮಡಗವ್ರೆ. ನಿಮ್ಮಕ್ಕ ನನ್ನ ಸಂಬಾಳಿಸ್ದಂಗೆ ಅದೂ ಒಂದ್ ಮಟ್ಟುಕ್ಕೆ ಸಂಬಾಳಿಸ್ತದೆ ಕಣ್ಲಾ."

ಅವರಿಗಿದ್ದ ಹೆಮ್ಮೆ ಒಂದೇ: ನೆಂಟರಿಷ್ಟರ ಮನೆಯ ಯಾವ ಮದುವೆಯಾದರೂ ಹೆಣ್ಣನ್ನು ಛತ್ರಕ್ಕೆ ಕರೆದೊಯ್ಯುವುದು ಅವರ ಕಾರೇ. ನನ್ನ ಮಗಳಿಗೂ ಅದೇ ಕಾರು. ಹೆಣ್ಣಿನ ಕಾರಿಗೆ ದೀಪದ ಸರ ಇಲ್ಲದಿದ್ದರೆ ನಮ್ಮ ಕಡೆ ಕಳೆಯಿಲ್ಲ. "ಬ್ಯಾಟ್ರಿ ತಾವುಕ್ಕೆ ಓಗ್ಬ್ಯಾಡ" ಎಂದು ಹೇಳಿಯೇ ಭಾವ ಬಟ್ಟೆ ಬದಲಿಸಲು ಹೋದರು. ನಾನು ಕೇಳುವವನೇ? ದೀಪದ ಸರದ ಜೊತೆಗೆ ಒಂದು ದೊಡ್ಡ ಸ್ಪೀಕರನ್ನೂ ಬ್ಯಾಟರಿಗೆ ಸಿಕ್ಕಿಸಿದೆ. ಭಾವ ಬಂದು ನೋಡಿ ಹುಬ್ಬು ಗಂಟಿಕ್ಕಿದರು. ಆದರೆ ಮಗಳು ದೀಪ ಕಂಡು ಚಪ್ಪಾಳೆ ತಟ್ಟುತ್ತಿದ್ದಳು. ವೈರಿನತ್ತ ಚಾಚಿದ ಕೈ ಹಿಂದೆಗೆದು ಗಾಡಿ ಹೊರಡಿಸಿದರು.

ಕೊಳ್ಳೇಗಾಲದ ಛತ್ರ ಕಣ್ಣಿಗೆ ಬಿದ್ದಿತ್ತು. ಅಷ್ಟರಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಸಿಕ್ಕಿ ನಮ್ಮ ಕಾರು ನಿಂತಲ್ಲೇ ಗುರುಗುಟ್ಟಬೇಕಾಯಿತು. ನಿಂತ ಗಾಡಿ ಹುಟ್ಟಿಸುವ ಚೂರು ಕರೆಂಟನ್ನೂ ನನ್ನ ದೀಪ, ಸ್ಪೀಕರುಗಳೇ ಕುಡಿದವು. ದೀಪಗಳು ಮಂಕಾದವು, ಹಾಡು ನರಳಿತು, ಇಂಜಿನ್ ಕೆಮ್ಮಿ ಸತ್ತಿತು. ಎದುರುಗೊಳ್ಳಲು ನಿಂತಿದ್ದ ಗಂಡಿನ ದೊಡ್ಡಪ್ಪ ದುಡುದುಡು ಬಂದರು.

"ಎಣ್ಣು ಕಾಲಿಡಾಕ್ ಮುಂಚೇನೆ ಕಾರು ನಿಂತೋಯ್ತಲ್ರೀ. ಇದ್ಯಾವ ಸಕುನ? ಯಾರ್ ಮಾಡಿದ್ ಕೆಲ್ಸ?"

ಮದುವೆಯೇ ಮುರಿಯಿತೆಂದು ಹೆದರಿದೆ. "ಇವ್ರ ಡಕೋಟ ಕಾರು ಸಾ. ಬ್ಯಾಡ ಅಂದ್ರೂ ತಂದ್ರು" ಎಂದು ಭಾವನತ್ತ ಕೈ ತೋರಿಸಿಬಿಟ್ಟೆ.

ಭಾವ ಅಷ್ಟು ಹೊತ್ತಿಗೆ ಬಾನೆಟ್ ಎತ್ತಿ ನಾನು ಸಿಕ್ಕಿಸಿದ್ದ ವೈರು ಕಿತ್ತಿದ್ದರು. ನನ್ನನ್ನೊಮ್ಮೆ ನೋಡಿದರು, ಒಳಗೆ ಅಳುತ್ತಿದ್ದ ಮಗಳನ್ನೊಮ್ಮೆ. ವೈರನ್ನು ಜೇಬಿಗೆ ತುರುಕಿಕೊಂಡರು.

"ಊಂ ಸಾ, ನಂದೇ ತಪ್ಪು. ಸಕುನವೂ ಇಲ್ಲ, ಏನೂ ಇಲ್ಲ. ಕಾರೂ ಅಳೇದು, ನಾನೂ ಅಳೇದು."

ಗಂಡಿನವರು ನಕ್ಕುಬಿಟ್ಟರು. ಎಲ್ಲರೂ ಸೇರಿ ತಳ್ಳಿದಾಗ ಇಂಜಿನ್ ಹೊತ್ತಿಕೊಂಡಿತು. ಮದುವೆ ಚೆನ್ನಾಗಿಯೇ ಆಯಿತು. ಆದರೆ ನಮ್ಮ ನೆಂಟರಲ್ಲಿ ಆಮೇಲೆ ಯಾರೂ ಹೆಣ್ಣನ್ನು ಆ ಕಾರಿಗೆ ಹತ್ತಿಸಲಿಲ್ಲ. ಪ್ರತಿ ಮದುವೆಗೂ ಅವರು ಗಾಡಿ ತೊಳೆದು ನಿಲ್ಲಿಸಿಕೊಂಡು ಕಾಯುತ್ತಿದ್ದರು ಎಂದು ಅಕ್ಕ ಹೇಳುತ್ತಾಳೆ. ನನ್ನ ಮಗಳಿಗೂ ಅವರು ನಿಜ ಹೇಳಿಲ್ಲ.

ಮಗಳೇ, ವೈರು ಸಿಕ್ಕಿಸಿದವನು ನಾನು. ನಿನ್ನ ಮದುವೆಯ ದಿನ ನನ್ನ ಮಾನ ಉಳಿಸಲು ತನ್ನ ಮಾನ ಕೊಟ್ಟವರು ನನ್ನ ಭಾವ, ನಿನ್ನ ಗುರುಮಲ್ಲಪ್ಪ ಮಾವ.