ಹುಸೇನ್ ಸಾಬರು ಬಾಯಿ ಬಿಡದ ದಿನ

ಮೆಹರ್ ಬಾನುವಿಗೆ ಗೊತ್ತು ಮಾಡಿದ್ದ ಮದುವೆ ಸಂಬಂಧ ತಪ್ಪಿಹೋದದ್ದು ಅವಳಪ್ಪನ ಬಾಯಿಂದ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಗಾದಿ ಹೊಲಿಯುವ ಹುಸೇನ್ ಸಾಬರಿಗೆ ಬಸ್ಸು ಹತ್ತಿದರೆ ಪಕ್ಕದ ಸೀಟಿನವರೆಲ್ಲ ನೆಂಟರು. ಹೋದ ವರ್ಷ ರಾಣೆಬೆನ್ನೂರಿನ ದಾರಿಯಲ್ಲಿ, ಅಡುಗೆಮನೆಗೆ ನುಗ್ಗಿದ ಕೋತಿಯನ್ನು ಮಗಳು ಸೌಟು ಬೀಸಿ ಓಡಿಸಿದ ಕತೆಯನ್ನು ಯಾರಿಗೋ ಹೆಮ್ಮೆಯಿಂದ ಹೇಳಿದ್ದರು. ಕತೆ ಗಂಡಿನ ಮನೆ ಮುಟ್ಟುವಷ್ಟರಲ್ಲಿ ಕೋತಿಯ ಜಾಗದಲ್ಲಿ ಅಪ್ಪನೇ ಇದ್ದ. ಹೆತ್ತ ಅಪ್ಪನಿಗೆ ಸೌಟಿನಿಂದ ಹೊಡೆಯುವ ಹುಡುಗಿ ನಮಗೆ ಬೇಡ ಎಂದು ಅವರು ಹೇಳಿಕಳಿಸಿದರು. ಮೆಹರ್ ಬಾನು ಅಳಲಿಲ್ಲ, ಬೈಯಲಿಲ್ಲ. ತಲೆ ತಗ್ಗಿಸಿ ಅಪ್ಪನ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಹೋದಳು. ಸಾಬರನ್ನು ಸುಟ್ಟದ್ದು ಅದೇ.

ಈಗ ಹರಿಹರದ ಫಜಲುಲ್ಲಾ ಸಾಹೇಬರು, ತಮ್ಮ ಮಗ ಶಬ್ಬೀರನ ವಿಚಾರವಾಗಿ ಹುಡುಗಿಯ ಅಪ್ಪ ಒಮ್ಮೆ ಬಂದು ಹೋಗಲಿ ಎಂದಿದ್ದರು. ಹೊರಡುವಾಗ ಹೆಂಡತಿ ಮಾಬೂಬೀ ಗಂಡನ ಕೈಯನ್ನು ಮಗಳ ತಲೆಯ ಮೇಲೆ ಇಡಿಸಿದಳು.

"ಬಸ್ನಾಗೆ ಸಿಕ್ಕೋರ ಹತ್ರ ಒಂದು ಮಾತೂ ಆಡಲ್ಲ ಅಂತ ಆಣೆ ಮಾಡ್ರಿ."

ಮಗಳು ಮಾತ್ರ ಮೆಲ್ಲಗೆ, "ಆಣೆ ಯಾಕವ್ವ? ಅಪ್ಪಗೆ ಗೊತ್ತೈತೆ ಬಿಡು," ಎಂದಳು. ಸಾಬರು ಕೈ ತೆಗೆಯದೆ ಆಣೆ ಮಾಡಿದರು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಉಚ್ಚೆಂಗಪ್ಪ. ಮಂಡಿಪೇಟೆಯಲ್ಲಿ ವ್ಯಾಪಾರ ಮುಗಿಸಿ ಹರಿಹರಕ್ಕೆ ಹಿಂತಿರುಗುತ್ತಿದ್ದ ಭಾರೀ ಆಳು.

"ಎಲ್ಲೀಗೆ ಸಾಬ್ರೆ?"

ಸಾಬರು ಮುಂದಕ್ಕೆ ಕೈ ತೋರಿಸಿದರು.

"ಹೆಸರೇನ್ರಿ?"

ಸಾಬರು ಆಕಾಶ ನೋಡಿದರು. ಉಚ್ಚೆಂಗಪ್ಪ ಅವರ ಮುಖವನ್ನೇ ದಿಟ್ಟಿಸಿ, ಹಣೆ ಬಡಿದುಕೊಂಡು ಇಡೀ ಬಸ್ಸಿಗೆ ಸಾರಿದರು: "ಅಯ್ಯೋ ಶಿವನೆ, ಮಾತು ಬರಲ್ಲ ಕಣ್ರಿ ಪಾಪ!"

ಅಲ್ಲಿಂದ ಶುರುವಾಯಿತು. ಮುಂದಿನ ಸೀಟಿನ ಮರುಳಸಿದ್ದಮ್ಮ ಎಂಬ ಮುದುಕಿ ಹಿಂದೆ ತಿರುಗಿ, ಸಿಪ್ಪೆ ಸುಲಿದ ಬಾಳೆಹಣ್ಣನ್ನು ಅವರ ಬಾಯಿಗೇ ಹಿಡಿದಳು. ಒಬ್ಬರು ನಾಲಿಗೆಗೆ ಬಜೆ ತೇಯ್ದು ಹಚ್ಚಲು ಹೇಳಿದರು. ಇನ್ನೊಬ್ಬರು ಕಿವಿಯೂ ಕೇಳದೇನೋ ಎಂದು ಹತ್ತಿರ ಬಂದು, "ಉಂಡ್ರಾ?" ಎಂದು ಮೈಕಿನವರ ಹಾಗೆ ಕೂಗಿದರು. ಸಾಬರು ತಲೆಯಾಡಿಸಿದರೆ ಜನ ಕಣ್ಣೀರು ಹಾಕಿದರು, ಆಡಿಸದಿದ್ದರೆ ಇನ್ನೂ ಜೋರಾಗಿ ಕೂಗಿದರು.

ಆದರೆ ಸಾಬರ ಜೀವ ಹೋದದ್ದು ಮಾತು ಗಾದಿಯ ಕಡೆ ತಿರುಗಿದಾಗ. "ಈ ಗಾದಿ ಹೊಲಿಯೋರೆಲ್ಲ ಕಳ್ಳರು ರೀ," ಎಂದರು ಉಚ್ಚೆಂಗಪ್ಪ. "ಮ್ಯಾಲೆ ಹೊಸ ಹತ್ತಿ, ಒಳಗೆಲ್ಲ ಹಳೇ ಚಿಂದಿ!" ಸಾಬರ ಎದೆ ಅತಿಯಾಗಿ ತುಂಬಿದ ದಿಂಬಿನಂತೆ ಉಬ್ಬಿತು. ಹೊಲಿಗೆ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಮಗಳ ತಲೆ ನೆನಪಾಯಿತು. ಉಗುಳು ನುಂಗಿದರು.

ಹರಿಹರದಲ್ಲಿ ಇಳಿದರೂ ಉಚ್ಚೆಂಗಪ್ಪ ಕೈ ಬಿಡಲಿಲ್ಲ. "ಮಾತು ಬಾರದೋರ್ನ ನಡುಬೀದ್ಯಾಗೆ ಬಿಟ್ಟು ಹೋಗೋಕಾಗುತ್ತೇನ್ರಿ? ಯಾರ ಮನೀಗೆ?" ಸಾಬರು ಹೊಳೆಯ ಕಡೆ ತೋರಿಸಿ, ಮರ ಕೊಯ್ಯುವ ಹಾಗೆ ಕೈಯಾಡಿಸಿದರು. "ಓಹೋ, ಗರಗಸದ ಫಜಲುಲ್ಲಾ ಸಾಹೇಬ್ರ ಮನೀಗೆ! ನಮ್ಮೋರೇ, ಬರ್ರಿ ಬರ್ರಿ." ಎಳೆದುಕೊಂಡೇ ಹೊರಟರು.

ಹೊಸ್ತಿಲ ಮೇಲೆ ಸಾಬರು ಸಲಾಂ ಹೇಳಲು ಬಾಯಿ ತೆರೆಯುವ ಮೊದಲೇ ಉಚ್ಚೆಂಗಪ್ಪ ಶುರುವಿಟ್ಟರು. ಈ ಪುಣ್ಯಾತ್ಮ ಹೇಗೆ ತಲೆ ತಗ್ಗಿಸಿ ಕೂತಿದ್ದ, ಹೇಗೆ ಕಣ್ಣಲ್ಲೇ ಮಾತಾಡಿದ, ಬಸ್ಸಿನ ಹೆಂಗಸರೆಲ್ಲ ಹೇಗೆ ಮರುಗಿದರು ಎಂದು ಒಂದೂ ಬಿಡದೆ ಹೇಳಿದರು. ಗಡ್ಡದ ಹಿರಿಯರಾದ ಫಜಲುಲ್ಲಾ ಸಾಹೇಬರು ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡರು.

"ನೀವೇನಾ ಮೆಹರ್ ಬಾನು ಅಪ್ಪ?"

ಸಾಬರು ಹೌದೆಂದು ತಲೆಯಾಡಿಸಿದರು.

"ಹುಸೇನ್ ಸಾಬ್ರೆ, ನಮ್ಮನ್ನ ಮಾಫ್ ಮಾಡ್ರಿ. ಇವತ್ತು ನಿಮಗೆ ಚಾ ಕುಡಿಸಿ, ಬ್ಯಾಡ ಅಂತ ಹೇಳಿ ಕಳಿಸೋಣ ಅಂತಿದ್ವಿ. ಹುಡುಗಿ ಅಪ್ಪ ಭಾರೀ ಬಾಯಿಬಡಕ, ಬಸ್ ಹತ್ತಿದ್ರೆ ಮನೆ ಗುಟ್ಟೆಲ್ಲ ಬಿಚ್ಚಿಡ್ತಾನ ಅಂತ ಯಾರ್ಯಾರೋ ಬಂದು ಕಿವಿ ಊದಿದ್ರು. ಮಾತೇ ಬರದ ಮನುಷ್ಯನ ಮ್ಯಾಲೆ ಎಂಥಾ ಸುಳ್ಳು ಹುಟ್ಟಿಸ್ತಾರ ನೋಡ್ರಿ! ಇಂಥೋರ ಮಗಳು ನಮಗೆ ಬೇಕೇ ಬೇಕು."

ಒಳಗಿನಿಂದ ಹೆಂಗಸರು ದುವಾ ಮಾಡುವುದು ಕೇಳಿಸಿತು. ಸಾಬರು ಲೆಕ್ಕ ಹಾಕತೊಡಗಿದರು. ಸುಳ್ಳಿನ ಮೇಲೆ ಮಗಳ ಸಂಸಾರ ಹೂಡುವುದೇ? ಹೇಳಿಬಿಡಬೇಕು. ಆದರೆ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಹೋದ ಮಗಳ ಬೆನ್ನು ಕಣ್ಣಿಗೆ ಕಟ್ಟಿತು. ಮದುವೆಯ ಹೊತ್ತಿಗೆ ಹೇಗಾದರೂ ಮಾತು ಬಂದಂತೆ ಮಾಡಿದರಾಯಿತು, ಅಷ್ಟರವರೆಗೆ ಈ ಊರಿನ ಕಡೆ ಸುಳಿಯದಿದ್ದರಾಯಿತು ಎಂದುಕೊಂಡರು.

ಆಗ ಫಜಲುಲ್ಲಾ ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡರು.

"ಇನ್ನೊಂದು ಖುಷಿ ಸುದ್ದಿ. ನಮ್ಮ ಶಬ್ಬೀರ ಮುಂದಿನ ವಾರ ದಾವಣಗೆರೆಯಾಗೆ ಅಂಗಡಿ ಇಡ್ತಾನ. ಮನೆ ಬ್ಯಾರೆ ಯಾಕ್ರಿ? ನಿಮ್ಮನೆಯಾಗೇ ಇರ್ಲಿ. ನೀವು ಸಾಯೋ ತನಕ ಅವ್ನೇ ನಿಮ್ಮ ಬಾಯಿ!"

ಎಲ್ಲ ಆಣೆಯನ್ನೂ ಮರೆತು ಹುಸೇನ್ ಸಾಬರು ಬಾಯಿ ಅಗಲಿಸಿದರು.

ಫಜಲುಲ್ಲಾ ಸಾಹೇಬರು ಅದರ ತುಂಬ ಸಕ್ಕರೆ ಹಾಕಿದರು.