ಚಿಕ್ಕಪ್ಪ ತಿಂದ ಕೆಂಪು ಹಣ್ಣು

ಕೆ.ಜಿ.ಎಫ್‌ನಲ್ಲಿ ಚಿನ್ನಕ್ಕಾಗಿ ಅಗೆದವರು ಸಾವಿರಾರು ಜನ. ಆರೋಗ್ಯಕ್ಕಾಗಿ ಅಗೆದವರು ನಮ್ಮ ಚಿಕ್ಕಪ್ಪ ಒಬ್ಬರೇ! ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಉಳಿದ ಹೊತ್ತೆಲ್ಲ ಸ್ವಂತ ದೇಹದ ರಿಪೇರಿ. ನಾನು ಅದೇ ಕಾರ್ಖಾನೆಗೆ ಹೊಸದಾಗಿ ಸೇರಿ ಅವರ ಮನೆಯಲ್ಲೇ ಇದ್ದೆ.

ಒಮ್ಮೆ ಬೋಳುತಲೆಗೆ ಈರುಳ್ಳಿ ರಸ ಬಳಿದುಕೊಂಡು ಮಾರಿಕುಪ್ಪಂನಲ್ಲಿ ರೈಲು ಹತ್ತಿದರು. ಬಂಗಾರಪೇಟೆ ಬರುವಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಎದ್ದುಹೋಗಿ, ಕಾಲು ಚಾಚಿ ಮಲಗುವಷ್ಟು ಜಾಗ! ಕೂದಲು ಬರಲಿಲ್ಲ, ಸೀಟಂತೂ ಸಿಕ್ಕಿತು. ಮನೆಗೆ ಬಂದವರಿಗೆ ಕಾಫಿಯ ಬದಲು ಹಾಗಲಕಾಯಿ ರಸ ಕೊಡತೊಡಗಿದ ಮೇಲೆ, ನೆಂಟರು ಅಂಗಳದಿಂದಲೇ ಕ್ಷೇಮ ವಿಚಾರಿಸಿ ಹೋಗುತ್ತಿದ್ದರು.

ಎಂಬತ್ತರ ದಶಕದ ಒಂದು ಚಳಿಗಾಲ. ಬಂಗಾರಪೇಟೆಯ ರಸ್ತೆಬದಿಯಲ್ಲಿ ಸ್ವೆಟರ್ ಮಾರುತ್ತಿದ್ದ ಟಿಬೆಟಿನ ಅಜ್ಜಿಯೊಬ್ಬಳಿಂದ ಚಿಕ್ಕಪ್ಪ ಪೊಟ್ಟಣವೊಂದನ್ನು ತಂದರು. ಒಳಗೆ ಕೆಂಪಗೆ ಒಣಗಿದ ಪುಟ್ಟ ಪುಟ್ಟ ಹಣ್ಣುಗಳು. ಈಗ ಅಂಗಡಿಗಳಲ್ಲಿ ಗೋಜಿ ಎಂದು ಮಾರುತ್ತಾರಲ್ಲ, ಅವೇ. ಆಗ ಯಾರಿಗೆ ಗೊತ್ತಿತ್ತು? ಚಿಕ್ಕಮ್ಮ ಮೆಣಸಿನಕಾಯಿ ಎಂದುಕೊಂಡು ಒಗ್ಗರಣೆಗೆ ಹಾಕಿದರು. ಅವತ್ತು ಸಾರು ಸಿಹಿ!

"ಅಯ್ಯೋ, ಬಂಗಾರದಂತಾ ಅಣ್ಣು ಕಣೇ!" ಎಂದು ಚಿಕ್ಕಪ್ಪ ಪೊಟ್ಟಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ತಾವೇ ತಿಂದರು.

ಹತ್ತು ದಿನ ಕಳೆದಿರಬೇಕು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಮರುದಿನ ಮೂಗಿನಲ್ಲೂ ಬಂತು. ಎಷ್ಟು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿ, ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುತ್ತಿದ್ದವರು ಅವರು. ಆಸ್ಪತ್ರೆಗೆ ಓಡಿದೆವು.

"ಹೊಸದಾಗಿ ಏನಾದ್ರೂ ಔಷಧಿ ತಗೊಂಡ್ರಾ?" ಎಂದರು ಡಾಕ್ಟರು.

"ಔಸ್ದಿ ಏನೂ ಇಲ್ಲ ಸಾರ್. ಬರೀ ಅಣ್ಣು."

"ಎಷ್ಟು?"

"ಎಣ್ಸಿಲ್ಲ ಸಾರ್. ಇಡಿ ಲೆಕ್ಕ."

ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ! "ಅದ್ಯಾವ ಹಣ್ಣೋ, ಬೇರೆಯವರಿಗೆ ಒಳ್ಳೇದೇ ಇರಬಹುದು. ನಿಮ್ಮ ಮಾತ್ರೆ ಜೊತೆ ಸೇರಿ ಹೀಗಾಗಿರಬೇಕು, ಅಪಾಯ. ಹಣ್ಣಾಗಲಿ, ಪುಡಿಯಾಗಲಿ, ತಿನ್ನೋಕೆ ಮುಂಚೆ ನನ್ನ ಕೇಳಿ. ಹಾಗಂತ ಮಾತ್ರೆ ನೀವಾಗೇ ನಿಲ್ಲಿಸಿಬಿಡಬೇಡಿ!"

ಮೂರು ದಿನ ಆಸ್ಪತ್ರೆಯಲ್ಲೇ ಮಲಗಿಸಿದರು. ರಕ್ತ ನಿಂತ ಮೇಲೆ ನನಗೆ ಸಿಟ್ಟು ಬಂತು. "ಈ ವಯಸ್ಸಲ್ಲಿ ನಿಮಗ್ಯಾಕೆ ಚಿಕ್ಕಪ್ಪ ಈ ಹುಚ್ಚು?"

ಚಿಕ್ಕಮ್ಮ ಹತ್ತಿರದಲ್ಲಿಲ್ಲ ಎಂದು ಖಚಿತ ಮಾಡಿಕೊಂಡು ಅವರು ದನಿ ತಗ್ಗಿಸಿದರು. "ನಂಗಲ್ಲ ಕಣ್ಲಾ. ನಿಮ್ ಚಿಕ್ಕಮ್ಮಂಗೆ ಕಣ್ಣು ಮಂಜಾಯ್ತಾ ಐತೆ. ಯಾರ್ಗೂ ಯೋಳ್ದೆ ತಡವರ್ಸ್ಕೊಂಡು ಓಡಾಡ್ತಾಳೆ. ಈ ಅಣ್ಣು ಕಣ್ಣಿಗೆ ಒಳ್ಳೇದು ಅಂದ್ಲು ಆ ಅಜ್ಜಿ. ಗುರ್ತಿಲ್ದಿರೋದ್ನ ಅವಳ್ ಬಾಯಿಗೆ ಎಂಗ್ಲಾ ಆಕ್ಲಿ? ಅದ್ಕೇ ಮೊದ್ಲು ನಾನೇ ತಿಂದ್ ನೋಡ್ದೆ."

ಮುಂದಿನ ವಾರವೇ ಚಿಕ್ಕಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಪೊರೆ ಬಂದಿತ್ತು, ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ಚಿಕ್ಕಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಎದುರಿಗೇ ನಿಂತಿದ್ದರು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ಅವರನ್ನೇ ಬಹಳ ಹೊತ್ತು ನೋಡಿದರು.

"ಎಷ್ಟು ಸೊರಗೋಗಿದೀರ ನೀವು!" ಎಂದು ಅವರ ಕೆನ್ನೆ ಸವರಿದರು.

ಅವತ್ತೊಂದು ದಿನ ಚಿಕ್ಕಪ್ಪ ತಮ್ಮ ಆರೋಗ್ಯದ ಬಗ್ಗೆ ಒಂದು ಮಾತೂ ಆಡಲಿಲ್ಲ.